"ನೋಡುವ" ಅಂದರೆ ಜಪಾನಿನಲ್ಲೂ ಹೆಚ್ಚಾಗಿ "ಇಲ್ಲ" ಅಂತಲೇ

ಪ್ರಶ್ನೆ: ಕಾರ್ಕಳದಲ್ಲಿ ನಮ್ಮದೊಂದು ಸಣ್ಣ ಗೇರುಬೀಜದ ಕಾರ್ಖಾನೆ ಇದೆ. ಮಾಲು ತೋರಿಸಲು ಮುಂದಿನ ತಿಂಗಳು ಟೋಕಿಯೋಗೆ, ಬರುವಾಗ ದುಬೈಗೆ ಹೋಗುವವನಿದ್ದೇನೆ. ವ್ಯವಹಾರಕ್ಕೆ ಇಂಗ್ಲಿಷ್ ಬಂದರೆ ಸಾಲದೇ?

ದರ ಹೇಳಲು ಸಾಕು. ಅವರು ಒಪ್ಪಿದರೋ ಇಲ್ಲವೋ ತಿಳಿಯಲು ಸಾಲದು.

ನಾನು ಮಂಗಳೂರಿನ ರಫ್ತು ಕಚೇರಿಯೊಂದರಲ್ಲಿದ್ದಾಗ ಜಪಾನಿನ ಖರೀದಿದಾರರೊಬ್ಬರು ಬಂದಿದ್ದರು. ನಾವು ಡಬ್ಲ್ಯೂ-240ರ (ಪೌಂಡಿಗೆ ಸುಮಾರು 240 ತಿರುಳು) ದರ ಹೇಳುತ್ತಿದ್ದಷ್ಟು ಹೊತ್ತೂ ಅವರು "ಹೈ, ಹೈ" ಅನ್ನುತ್ತಿದ್ದರು. ಹೈ ಅಂದರೆ ಹೌದು ಅಂತ ಎಲ್ಲೋ ಓದಿದ್ದೆ. ಅವರ ಕಾರು ಗೇಟು ದಾಟುವ ಮೊದಲೇ ಡಬ್ಬಗಳ ಲೆಕ್ಕಕ್ಕೆ ಕೂತೆ. ಆರ್ಡರ್ ಬರಲೇ ಇಲ್ಲ. ಕಥೆ ಕೇಳುವಾಗ ನಾವು ಹೂಂಗುಟ್ಟುತ್ತೇವಲ್ಲ, ಅವರ "ಹೈ" ಕೂಡ ಬರೀ ಹೂಂಗುಟ್ಟುವಿಕೆಯಾಗಿತ್ತು.

ಹೊರಡುವಾಗ ಅವರು ಅಂದದ್ದು "ಕೆಂತೋ ಶಿಮಸ್", ಪರಿಶೀಲಿಸುತ್ತೇವೆ ಅಂತ. ಅದಾದರೂ ಹೊಳೆಯಬೇಕಿತ್ತು. ಸಾಲ ಕೇಳಿದವರಿಗೆ ನಾವು "ನೋಡುವ" ಅನ್ನುವುದಿಲ್ಲವೇ, ತುಳುವಿನಲ್ಲಾದರೆ "ತೂಕ"? ಹಾಗೆ ಹೇಳಿಸಿಕೊಂಡವರು ಮರುದಿನ ಚೀಲ ಹಿಡಿದು ಬರುವುದಿಲ್ಲ. "ಸ್ವಲ್ಪ ಕಷ್ಟ" ಅಂದರೂ ಅಷ್ಟೇ. ಆಗ ದರ ಇಳಿಸುತ್ತಾ ಬೆನ್ನು ಹತ್ತಬೇಡಿ. ಯಾವ ಗ್ರೇಡು, ಎಷ್ಟು ಡಬ್ಬ, ಯಾವ ತಿಂಗಳಿಗೆ ಅಂತ ಕೇಳಿ ಸುಮ್ಮನಿರಿ. ಆ ಮೌನ ನಮಗೆ ಕಷ್ಟ, ಆದರೆ ತಾರೀಕು ಅವರ ಬಾಯಿಂದಲೇ ಬರಬೇಕು. ನಿಮ್ಮ ಒಪ್ಪಿಗೆಯನ್ನೂ ಬಾಯಿಬಿಟ್ಟು ಹೇಳಿ; ನಾವು ಅಡ್ಡಡ್ಡ ತಲೆಯಾಡಿಸುವುದು ಅವರಿಗೆ "ಬೇಡ" ಅಂತ ಕಾಣಬಹುದು.

ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತಗೊಂಡು ಓದಿ, ಮೇಜಿನ ಮೇಲಿಡಿ. ಅದರ ಮೇಲೆ ದರ ಗೀಚಬೇಡಿ. ಉಡುಗೊರೆಗೆ ನಾಲ್ಕು ಪೊಟ್ಟಣ ಬೇಡ: ನಾಲ್ಕಕ್ಕೂ ಸಾವಿಗೂ ಅಲ್ಲಿ "ಶಿ" ಅನ್ನುವ ಒಂದೇ ಉಚ್ಚಾರ ಇದೆ.

ದುಬೈ ಬಗ್ಗೆ ಕರಾವಳಿಯವರಿಗೆ ಹೆಚ್ಚು ಹೇಳಬೇಕಿಲ್ಲ, ಪ್ರತಿ ಮನೆಯಲ್ಲೂ ಒಬ್ಬ ಸಲಹೆಗಾರ ಇದ್ದಾನೆ. ಆದರೆ ಅವನು ಊರಿಗೆ ಮರಳಿ ತುಂಬ ವರ್ಷವಾಗಿದ್ದರೆ ರಜೆಯ ಲೆಕ್ಕ ತಪ್ಪೀತು. 2022ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಶನಿವಾರ-ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಪಕ್ಕದ ಸೌದಿಯಲ್ಲಿ ಮಾತ್ರ ಶುಕ್ರವಾರ-ಶನಿವಾರವೇ.

ಅಲ್ಲಿ ಹಿಡಿಯಿಲ್ಲದ ಸಣ್ಣ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ ಕೊಡುತ್ತಾರೆ. ಬಲಗೈಯಲ್ಲೇ ತಗೊಳ್ಳಿ. ಕುಡಿದು ಸುಮ್ಮನೆ ಚಾಚಿದರೆ ಮತ್ತೆ ಸುರಿಯುತ್ತಾರೆ. ಸಾಕಾದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಇದು ಗೊತ್ತಿಲ್ಲದ ನಮ್ಮ ಭಾವ ಒಮ್ಮೆ ಏಳು ಬಟ್ಟಲು ಕುಡಿದು ಬಂದಿದ್ದರು.