ಬೆಂಕಿಗಿಂತ ಮೊದಲು ಹರಿವಿನ ಪರೀಕ್ಷೆ

ಪರಮಾಣು ರಾಕೆಟ್ ಎಂದೊಡನೆ ಮೈಸೂರಿನ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುವುದು ಯುರೇನಿಯಂ ಮತ್ತು ವಿಕಿರಣದ ವಿಚಾರವನ್ನೇ; ಅನಿಲದ ಹರಿವನ್ನು ಕುರಿತು ಕೇಳುವವರು ವಿರಳ. ಆದರೆ ಇಂಥ ರಾಕೆಟ್ ಎಂಜಿನ್ ತಯಾರಿಸಲು ಹೊರಟ ಅಮೆರಿಕದ ರೋವರ್ ಯೋಜನೆಯನ್ನು 1962ರಲ್ಲಿ ಕಾಡಿದ್ದು ಯುರೇನಿಯಂ ಪರಮಾಣುಗಳು ಒಡೆದು ಶಾಖ ಕೊಡುವ ವಿದಳನಕ್ರಿಯೆಯಲ್ಲ, ಹೈಡ್ರೋಜನ್ನಿನ ಹರಿವು.

ಈ ಎಂಜಿನ್ನಿನಲ್ಲಿ ಉರಿಯುವಂಥದ್ದೇನೂ ಇಲ್ಲ. ಗ್ರಾಫೈಟಿನ ಷಟ್ಕೋನಾಕಾರದ ಇಂಧನ ಸರಳುಗಳಲ್ಲಿ, ಒಂದೊಂದರಲ್ಲೂ 19ರಂತೆ ಇರುವ ಸಣ್ಣ ರಂಧ್ರಗಳ ಮೂಲಕ ಹಾದುಹೋಗುವ ಹೈಡ್ರೋಜನ್ ಸುಮಾರು 2,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಎಂಜಿನ್ನಿನ ಹೊರಬಾಯಿಯಾದ ನಾಸಲ್‌ನಿಂದ ಹೊರನುಗ್ಗುತ್ತದೆ. 1962ರ ನವೆಂಬರ್ 30ರಂದು ನೆವಾಡಾದಲ್ಲಿ ಆ ಯೋಜನೆಯ ಕಿವಿ-ಬಿ4ಎ ಎಂಬ ರಿಯಾಕ್ಟರಿನ ಶಕ್ತಿಯನ್ನು ಏರಿಸುತ್ತಿದ್ದಾಗ ಹೊರಬರುವ ಅನಿಲದಲ್ಲಿ ಬೆಳಕಿನ ಮಿಂಚುಗಳು ಕಾಣಿಸಿಕೊಂಡವು. ಬಿಚ್ಚಿ ನೋಡಿದರೆ ಸರಳುಗಳಲ್ಲಿ ಬಹುಪಾಲು ಮುರಿದಿದ್ದವು.

ಕಾರಣ ಶಾಖವೇ, ನ್ಯೂಟ್ರಾನ್‌ಗಳೇ, ಹರಿವೇ? ಅದನ್ನು ಬೇರ್ಪಡಿಸಿ ತೋರಿಸಿದ ರೀತಿ ನನಗೆ ಆ ಇಡೀ ಯೋಜನೆಯಲ್ಲೇ ಅತ್ಯಂತ ಜಾಣತನದ್ದೆನಿಸುತ್ತದೆ. 1963ರಲ್ಲಿ ಅದೇ ವಿನ್ಯಾಸದ ಗರ್ಭದ (ಇಂಧನ ಸರಳುಗಳನ್ನು ಜೋಡಿಸಿದ ರಿಯಾಕ್ಟರಿನ ನಡುಭಾಗ) ಮೂಲಕ, ವಿದಳನಕ್ರಿಯೆ ಸ್ವಲ್ಪವೂ ಇಲ್ಲದೆ, ನೈಟ್ರೋಜನ್, ಹೀಲಿಯಂ, ಹೈಡ್ರೋಜನ್‌ಗಳನ್ನು ಹರಿಸಿದರು. ಗರ್ಭ ಆಗಲೂ ನಡುಗಿತು. ಸರಳುಗಳ ನಡುವಿನ ಕಿರಿದಾದ ಸಂದುಗಳಲ್ಲಿ ನುಗ್ಗುವ ಅನಿಲವೇ ಅವನ್ನು ಅಲುಗಿಸುತ್ತಿತ್ತು. ಸರಳುಗಳನ್ನು ಬಿಗಿಯಾಗಿ ಹಿಡಿದಿಡುವಂತೆ ವಿನ್ಯಾಸ ತಿದ್ದಿದ ಮೇಲೆ, 1964ರ ಮೇ ತಿಂಗಳಿನ ಕಿವಿ-ಬಿ4ಡಿ ಪರೀಕ್ಷೆಯು ನಾಸಲ್ಲಿನ ಕೊಳವೆ ಒಡೆದು ಬೇಗನೆ ನಿಂತರೂ, ಗರ್ಭದಲ್ಲಿ ಕಂಪನವಿರಲಿಲ್ಲ.

ತಣ್ಣನೆಯ ಅನಿಲ ಹೇಳಲಾಗದ ಸಂಗತಿಯೂ ಒಂದಿದೆ. ಕಾದಷ್ಟೂ ಹೈಡ್ರೋಜನ್ನಿನ ಸಾಂದ್ರತೆ ಇಳಿಯುತ್ತದೆ, ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಡ್ಡುವ ಒಳತಡೆ, ಏರುತ್ತದೆ (ನೀರಿನ ಸ್ನಿಗ್ಧತೆಯಾದರೋ ಕಾದಷ್ಟೂ ಇಳಿಯುತ್ತದೆ). ಎಲ್ಲ ರಂಧ್ರಗಳ ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ ಒಂದೇ ಆಗಿರುವುದರಿಂದ, ತುಸು ಹೆಚ್ಚು ಕಾದ ರಂಧ್ರಕ್ಕೆ ಅನಿಲ ಕಡಿಮೆ ದೊರೆತು, ಆ ಕಾರಣಕ್ಕೇ ಅದು ಇನ್ನಷ್ಟು ಕಾಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನ ಗದ್ದೆಗಳಿಗೇ ನುಗ್ಗಿ ಕೊನೆಯ ಭಾಗದವರಿಗೆ ಸಿಗದಂತಾಗಬಾರದೆಂದು ತೂಬಿನ ಗಾತ್ರವನ್ನು ಲೆಕ್ಕ ಹಾಕಿ ಇಡುವ ಮಂಡ್ಯದ ನೀರಾವರಿ ಎಂಜಿನಿಯರಿಗೆ ಇದರ ಪರಿಹಾರ ಹೊಸದಲ್ಲ: ರಂಧ್ರಗಳ ಬಾಯಲ್ಲಿ ಅಳೆದು ಕೂರಿಸಿದ ಕಿರಿದಾದ ತಡೆಗಳು. ಆದರೆ ಯಾವ ತಡೆ ಎಷ್ಟಿರಬೇಕೆಂಬುದು ವಿದ್ಯುತ್ತಿನಿಂದ ಕಾಯಿಸಿದ ಕೊಳವೆಗಳಲ್ಲಿ ಹೈಡ್ರೋಜನ್ ಹರಿಸಿ ಅಳೆದರೆ ಮಾತ್ರ ಖಚಿತವಾಗುತ್ತದೆ. ಅದರಲ್ಲೂ ಪೂರ್ಣ ಶಕ್ತಿಯ ಸ್ಥಿತಿಗಿಂತ, ರಿಯಾಕ್ಟರನ್ನು ನಿಲ್ಲಿಸಿದ ಮೇಲೆ ಉಳಿದ ಶಾಖವನ್ನು ತೆಗೆಯಲು ಅನಿಲವನ್ನು ಮಂದಗತಿಯಲ್ಲಿ ಹರಿಸುವ ಹಂತದಲ್ಲಿ, ಹರಿವು ಪದರಪದರವಾಗಿ ಸಾಗುವುದರಿಂದ, ಈ ಅಸ್ಥಿರತೆಯ ಅಪಾಯ ಹೆಚ್ಚು.