ಕ್ಯಾಲ್ಸಿಯಂ ಹಾಕುವ ಮೊದಲು ಉಪ್ಪು ಅಳೆಯಿರಿ

ಪುನರ್ವಸು ಮಳೆ ಹಿಡಿದ ಮೇಲೆ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸರ್, ಕ್ಯಾಲ್ಸಿಯಂ 370ಕ್ಕೆ ಇಳಿದಿದೆ. ಎಷ್ಟು ಎಂಎಲ್ ಹಾಕ್ಲಿ?" ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಮನೆಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಕೂರಿಸಿ ನೋಡಿಕೊಳ್ಳುವುದು ನನ್ನ ಕೆಲಸ. ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಮೀನು, ಹವಳ ಹೇಗಿವೆ? ಉಪ್ಪಿನಂಶ ಎಷ್ಟಿದೆ? ಮೊದಲನೆಯದಕ್ಕೆ ಉತ್ತರ ತಕ್ಷಣ ಸಿಗುತ್ತದೆ. ಎರಡನೆಯದನ್ನು ಹೆಚ್ಚಿನವರು ಅಳೆದೇ ಇರುವುದಿಲ್ಲ.

ಹವಳ ಇರುವ ಟ್ಯಾಂಕಿನಲ್ಲಿ ಉಪ್ಪಿನಂಶ 35 ಪಿಪಿಟಿ, ಅಂದರೆ ಸಾವಿರ ಭಾಗಕ್ಕೆ 35 ಭಾಗ ಇರಬೇಕು. ಕ್ಯಾಲ್ಸಿಯಂ, ಮೆಗ್ನೀಶಿಯಂ, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಎಲ್ಲವೂ ಆ ಉಪ್ಪಿನ ಜೊತೆಗೇ ಬಂದವು. ಉಪ್ಪು 31ಕ್ಕೆ ಇಳಿದರೆ 420 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಇದ್ದ ಕ್ಯಾಲ್ಸಿಯಂ 372 ಆಗುತ್ತದೆ, 1300 ಇದ್ದ ಮೆಗ್ನೀಶಿಯಂ 1150ರ ಹತ್ತಿರ ಬರುತ್ತದೆ. ಯಾವುದೂ ಖಾಲಿಯಾಗಿಲ್ಲ, ನೀರು ತೆಳುವಾಗಿದೆ ಅಷ್ಟೇ. ಇದು ತಿಳಿಯದೆ ಬಾಟಲಿಯಿಂದ ಕ್ಯಾಲ್ಸಿಯಂ ಸುರಿದರೆ, ಮುಂದೆ ಉಪ್ಪು ಸರಿಯಾದ ದಿನ ಅದು ವಿಪರೀತ ಏರಿ ಕೂತಿರುತ್ತದೆ. ಆದ್ದರಿಂದ ಎರಡು ಮೂರು ಅಳತೆ ಒಟ್ಟಿಗೇ, ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಮೊದಲ ಅನುಮಾನ ಉಪ್ಪಿನ ಮೇಲೆಯೇ ಇರಲಿ.

ಮಳೆಗಾಲದಲ್ಲೇ ಯಾಕೆ ಹೀಗೆ? ಒಗೆದ ಬಟ್ಟೆ ದಿನಗಟ್ಟಲೆ ಒಣಗದ ಕಾಲ ಅದು. ಟ್ಯಾಂಕಿನ ನೀರೂ ಹೆಚ್ಚು ಆವಿಯಾಗುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ಅಭ್ಯಾಸವಾದ ದಿನಕ್ಕೊಂದು ಚೊಂಬು ಸಿಹಿನೀರು ಮಾತ್ರ ನಿಲ್ಲುವುದಿಲ್ಲ. ಕೆಲವರ ಮನೆಯಲ್ಲಿ ಟೈಮರ್ ಹಾಕಿದ ಪಂಪು ಆ ಕೆಲಸ ಮಾಡುತ್ತಿರುತ್ತದೆ. ನೀರು ಹೆಚ್ಚಾಗಿ ತುಂಬಿ ಹರಿಯಬೇಕಲ್ವಾ ಅನ್ನಿಸಬಹುದು. ಇಲ್ಲ. ಟ್ಯಾಂಕಿನ ಕೆಳಗೆ ಫಿಲ್ಟರ್ ಸಾಮಾನು ಇಡುವ ತೊಟ್ಟಿಯಾದ ಸಂಪ್‌ನಲ್ಲಿ ಮಟ್ಟ ಸ್ವಲ್ಪ ಏರಿದರೂ, ನೊರೆ ಎಬ್ಬಿಸಿ ನೀರಿನ ಕೊಳಕು ತೆಗೆಯುವ ಸ್ಕಿಮ್ಮರ್ ಗಟ್ಟಿ ನೊರೆಯ ಬದಲು ನೀರುನೀರಾದ ನೊರೆ ಎತ್ತಲು ಶುರುಮಾಡುತ್ತದೆ. ನೊರೆ ತುಂಬಿದ ಅದರ ಬಟ್ಟಲನ್ನು ನಾವು ದಿನಾ ಚೆಲ್ಲುತ್ತೇವೆ. ಹೋಗುವುದು ಉಪ್ಪುನೀರು, ಬರುವುದು ಸಿಹಿನೀರು. ನೀರಿನ ಮಟ್ಟ ಇದ್ದ ಹಾಗೇ ಕಾಣುತ್ತದೆ. ಹಾಗಾಗಿ ಜೂನ್ ಬಂದ ಕೂಡಲೇ ಟೈಮರ್ ಬಿಚ್ಚಿ ಫ್ಲೋಟ್ ಸ್ವಿಚ್ ಹಾಕಿಸಿ. ಅದು ನೀರು ನಿಜವಾಗಿ ಇಳಿದರೆ ಮಾತ್ರ ಪಂಪು ಓಡಿಸುತ್ತದೆ. ಇಳಿದ ಉಪ್ಪನ್ನು ಏರಿಸುವಾಗ ಆತುರ ಬೇಡ, ದಿನಕ್ಕೆ 1 ಪಿಪಿಟಿ ಸಾಕು.

ಅಳೆಯುವ ಸಾಧನವೂ ಸರಿಯಿರಬೇಕು. ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಉಪ್ಪು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ಕೂರಿಸಿದರೂ 35ರ ಹತ್ತಿರ ತಪ್ಪು ತೋರಿಸಬಹುದು. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣದಿಂದಲೇ ಅದನ್ನು ಹೊಂದಿಸಿ.

ಹೊಸದಾಗಿ ಕಲಸಿದ ನೀರಿನಲ್ಲೇ ಲೆಕ್ಕ ತಪ್ಪಿದ್ದರೆ ಉಪ್ಪಿನ ಚೀಲ ನೋಡಿ. ಬಾಯಿ ಬಿಟ್ಟ ಚೀಲ ನಮ್ಮ ಗಾಳಿಯ ತೇವ ಹೀರಿ ಗಂಟು ಕಟ್ಟುತ್ತದೆ. ಆಗ ಒಂದು ಕೆಜಿ ತೂಗಿದರೆ ಅದರಲ್ಲಿ ಒಂದಿಷ್ಟು ಬರೀ ನೀರೇ. ಡಬ್ಬಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿಡಿ, ಟೆಸ್ಟ್ ಕಿಟ್ಟಿನ ಪುಡಿಗಳನ್ನೂ ಹಾಗೇ ಇಡಿ. ಇನ್ನು ಕುಡಿಯುವ ನೀರಿನ ಆರ್‌ಒ ಯಂತ್ರದ ನೀರು ಶುದ್ಧ ಅಂತ ನಂಬಿಕೊಂಡಿರುತ್ತೇವೆ. ರುಚಿಗೆಂದು ಖನಿಜ ಸೇರಿಸುವ ಭಾಗ ಹಲವು ಯಂತ್ರಗಳಲ್ಲಿದೆ. ನೀರಿನಲ್ಲಿ ಕರಗಿದ ಖನಿಜ, ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಪೆನ್ನು ಅದ್ದಿ ನೋಡಿ. ಅಕ್ವೇರಿಯಂಗೆ ಬೇಕಾದದ್ದು ಸೊನ್ನೆ.

ಹೊನ್ನಾವರಕ್ಕೆ ಹೋದಾಗ ಕ್ಯಾನ್ ತುಂಬಾ ಸಮುದ್ರದ ನೀರು ತರುವವರೂ ಇದ್ದಾರೆ. ಬೇಸಿಗೆಯ ಮಾತು ಬೇರೆ. ಮಳೆಗಾಲದಲ್ಲಿ ನಮ್ಮ ಘಟ್ಟದ ನೀರೇ ಶರಾವತಿಯಾಗಿ ಅಲ್ಲಿಗೆ ಹೋಗಿ ಸೇರುತ್ತದೆ. ಅಳಿವೆಯ ಹತ್ತಿರ ತುಂಬಿದ ನೀರು ಸಮುದ್ರದ್ದು ಎನ್ನುವುದಕ್ಕಿಂತ ಹೊಳೆಯದು ಎನ್ನುವುದೇ ಸರಿ. ಆ ನೀರು ಬೇಡ.

ಹೊಸ ಟ್ಯಾಂಕಿನಲ್ಲಿ ನೈಟ್ರೇಟ್ 100 ಬಂತು ಅಂತ ಹೆದರುವವರಿಗೆ ಒಂದು ಮಾತು. ಮೀನಿನ ಕೊಳಕಿನಿಂದ ಬಂದ ಅಮೋನಿಯ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತದೆ. ಹೆಚ್ಚಿನ ಕಿಟ್‌ಗಳು ನೈಟ್ರೇಟನ್ನು ನೈಟ್ರೈಟ್ ಮಾಡಿಕೊಂಡು ಅಳೆಯುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದೂ ಲೆಕ್ಕಕ್ಕೆ ಸೇರಿ ಸಂಖ್ಯೆ ಹಲವು ಪಟ್ಟು ಉಬ್ಬುತ್ತದೆ. ಮೊದಲು ನೈಟ್ರೈಟ್ ನೋಡಿ. ಅದು ಸೊನ್ನೆಗೆ ಬರುವ ತನಕ ನೈಟ್ರೇಟ್ ಸಂಖ್ಯೆಗೆ ಬೆಲೆ ಕೊಡಬೇಡಿ. ಬಣ್ಣದ ಕಾರ್ಡನ್ನು ಟ್ಯಾಂಕಿನ ನೀಲಿ ದೀಪದ ಕೆಳಗೆ ಹಿಡಿದು ನೋಡುವುದೂ ಬೇಡ. ಮಧ್ಯಾಹ್ನ ಜಗಲಿಗೆ ಬಂದು ಹಗಲು ಬೆಳಕಿನಲ್ಲಿ ನೋಡಿ.

ಪಿಎಚ್ ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ ಇರುವುದು ಸಹಜ. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್‌ನಿಂದ ಇನ್ನೂ ಇಳಿಯುತ್ತದೆ. ಒಂದು ಲೋಟ ಟ್ಯಾಂಕಿನ ನೀರನ್ನು ಅಂಗಳದಲ್ಲಿಟ್ಟು ಒಂದು ಗಂಟೆ ಏರ್ ಪಂಪಿನಿಂದ ಗುಳ್ಳೆ ಬಿಡಿ. ಪಿಎಚ್ ಏರಿದರೆ ಬೇಕಾದದ್ದು ಕಿಟಕಿ ತೆರೆಯುವುದು, ಪಿಎಚ್ ಏರಿಸುವ ಬಫರ್ ಪುಡಿ ಅಲ್ಲ.

ಒಂದು ಅಳತೆಯನ್ನು ಮಾತ್ರ ಕಂಡ ಕೂಡಲೇ ನಂಬಬೇಕು. ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗಿ, ಮಾರನೆಯ ದಿನ ಅಮೋನಿಯ ಟೆಸ್ಟಿನಲ್ಲಿ ಅಮೋನಿಯ ಇದೆ ಎನ್ನುವ ಹಸಿರು ಬಂದರೆ ಅದು ಬಹುಮಟ್ಟಿಗೆ ನಿಜ. ಮುಚ್ಚಿದ ಕೆನಿಸ್ಟರ್ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು, ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳಕೆಲ್ಲ ಟ್ಯಾಂಕಿಗೆ ನುಗ್ಗುತ್ತದೆ. ಆದ್ದರಿಂದ ಕರೆಂಟ್ ತುಂಬಾ ಹೊತ್ತು ಹೋದರೆ ಫಿಲ್ಟರಿನ ಪ್ಲಗ್ ಕಿತ್ತಿಡಿ, ಇನ್ವರ್ಟರಿಗೆ ಏರ್ ಪಂಪು ಹಾಕಿ. ಕರೆಂಟ್ ಬಂದ ಮೇಲೆ ಫಿಲ್ಟರಿನ ನೀರು ಚೆಲ್ಲಿ, ಒಳಗಿನ ಸಾಮಾನನ್ನು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ತೊಳೆದು ಆಮೇಲೆ ಓಡಿಸಿ. ಅಷ್ಟರಲ್ಲೇ ಅಮೋನಿಯ ಕಂಡಿದ್ದರೆ ಕಾಲು ಭಾಗ ನೀರು ಬದಲಿಸಿ, ಆ ದಿನ ಮೀನಿಗೆ ಆಹಾರ ಹಾಕಬೇಡಿ, ಸಂಜೆ ಇನ್ನೊಮ್ಮೆ ಅಳೆಯಿರಿ.