ಸೈಬೀರಿಯಾದ ಬೆಳಕು, ಹಾಸನದ ಆಂಟೆನಾ

2024ರ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಚಿಕ್ಕಮಗಳೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಗಿತ್ತಂತೆ. ಮುಳ್ಳಯ್ಯನಗಿರಿ ಹತ್ತಿದರೆ ನಮಗೂ ಕಾಣುತ್ತಾ?"

ಕಾಣುವುದಿಲ್ಲ. ಬೆಟ್ಟ 1,930 ಮೀಟರ್ ಇದೆ ನಿಜ, ಆದರೆ ಇಲ್ಲಿ ಎತ್ತರದಿಂದ ಏನೂ ಆಗುವುದಿಲ್ಲ.

ಆಕಾಶದಲ್ಲಿ ಮೂಡುವ ಈ ಬಣ್ಣದ ಬೆಳಕಿಗೆ ಅರೋರಾ ಅನ್ನುತ್ತಾರೆ. ಅದನ್ನು ಮೂಡಿಸುವ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತರೇಖೆಗಳನ್ನು ಸುತ್ತುತ್ತಾ ಬರುತ್ತವೆ, ಚಪ್ಪರದವರೆ ಬಳ್ಳಿ ಕೋಲನ್ನು ಸುತ್ತುವ ಹಾಗೆ. ರೇಖೆ ಬಿಟ್ಟು ಅಡ್ಡ ಹೋಗುವುದು ಅವಕ್ಕೆ ಬಹಳ ಕಷ್ಟ. ಧ್ರುವಗಳ ಬಳಿ ಈ ರೇಖೆಗಳು ಹೆಚ್ಚುಕಡಿಮೆ ನೆಟ್ಟಗೆ ನೆಲಕ್ಕಿಳಿಯುತ್ತವೆ. ನಮ್ಮ ಕಡೆ ಮಲಗಿಕೊಂಡಿರುತ್ತವೆ.

ಹಾಗಂತ ಧ್ರುವದ ಕಡೆ ಬಂದ ಎಲೆಕ್ಟ್ರಾನ್‌ಗಳೆಲ್ಲ ವಾತಾವರಣದೊಳಗೆ ಬೀಳುವುದಿಲ್ಲ. ಕೆಳಗಿಳಿದಂತೆ ರೇಖೆಗಳು ಒತ್ತೊತ್ತಾಗಿ ಕಾಂತಬಲ ಹೆಚ್ಚುತ್ತದೆ. ಹೆಚ್ಚಿನ ಎಲೆಕ್ಟ್ರಾನ್‌ಗಳು ಅಲ್ಲಿಂದಲೇ ವಾಪಸ್ ಪುಟಿದು ಇನ್ನೊಂದು ಧ್ರುವದತ್ತ ಓಡುತ್ತವೆ, ಅಲ್ಲೂ ಪುಟಿಯುತ್ತವೆ. ರೇಖೆಯ ಗುಂಟ ನೇರವಾಗಿ ಬಂದವು ಮಾತ್ರ ಒಳಗೆ ನುಗ್ಗುತ್ತವೆ. ಸೂರ್ಯನಿಂದ ಸದಾ ಬೀಸುವ ಕಣಗಳ ಹರಿವು, ಅಂದರೆ ಸೌರಮಾರುತ, ಜೋರಾಗಿ, ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿತೋ, ಈ ಲೆಕ್ಕವೇ ಬದಲಾಗುತ್ತದೆ. ಭೂಮಿಯ ರಾತ್ರಿ ಬದಿಗೆ ಬಾಲದಂತೆ ಚಾಚಿರುವ ಕಾಂತಕ್ಷೇತ್ರದಲ್ಲಿ ತುಂಬಿದ್ದ ಶಕ್ತಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಬಿಸಿ ಎಲೆಕ್ಟ್ರಾನ್‌ಗಳ ಹಿಂಡು ನಮ್ಮತ್ತ ನುಗ್ಗುತ್ತದೆ, ಅಲ್ಲೇ ವಿದ್ಯುತ್-ಕಾಂತ ಅಲೆಗಳೂ ಏಳುತ್ತವೆ. ಸುಮ್ನೆ ಪುಟಿದಾಡುತ್ತಿದ್ದ ಎಲೆಕ್ಟ್ರಾನ್‌ಗಳನ್ನು ಕೆಲವು ಅಲೆಗಳು ದಾರಿ ತಪ್ಪಿಸಿ ಕೆಳಕ್ಕೆ ಬೀಳಿಸುತ್ತವೆ. ಇನ್ನು ಕೆಲವು ಅಲೆಗಳು ವೇಗ ಕೊಟ್ಟು ತಳ್ಳುತ್ತವೆ.

ಶಾಂತ ದಿನಗಳಲ್ಲಿ ಒಂದು ಧ್ರುವದ ಮೇಲೆ ಹೀಗೆ ಸುರಿಯುವ ಶಕ್ತಿ ಸುಮಾರು 10 ಗಿಗಾವ್ಯಾಟ್. ಸೌರಮಾರುತದ ಗದ್ದಲ ಜೋರಾದಾಗ, ಅಂದರೆ ಕಾಂತ ಬಿರುಗಾಳಿಯಲ್ಲಿ, 100 ದಾಟುತ್ತದೆ. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಂಥ ನೂರು ವಿದ್ಯುದಾಗಾರಗಳು ಒಟ್ಟಿಗೆ ಓಡಿದ ಹಾಗೆ! ಅಷ್ಟೂ ಶಕ್ತಿ ನೆಲದಿಂದ ನೂರು ಕಿಲೋಮೀಟರ್ ಮೇಲಿನ ತೆಳುಗಾಳಿಯಲ್ಲೇ ಕರಗುತ್ತದೆ. ಅಲ್ಲಿನ ಆಕ್ಸಿಜನ್ ಹಸಿರಾಗಿ ಹೊಳೆಯುತ್ತದೆ, 200 ಕಿಲೋಮೀಟರ್ ದಾಟಿದ ಮೇಲಿನದು ಕೆಂಪಾಗಿ.

ಭೂಮಿಯ ಕಾಂತಕ್ಷೇತ್ರದ ಈ ಗದ್ದಲವನ್ನು 0ಯಿಂದ 9ರವರೆಗಿನ ಕೆಪಿ ಸೂಚ್ಯಂಕದಲ್ಲಿ ಅಳೆಯುತ್ತಾರೆ. 0 ಇದ್ದಾಗ ಧ್ರುವದ ಸುತ್ತ ಅರೋರಾ ಮೂಡುವ ಬೆಳಕಿನ ಬಳೆ ಕಾಂತೀಯ ಅಕ್ಷಾಂಶ (ಭೂಮಿಯ ಕಾಂತಧ್ರುವಗಳನ್ನು ಆಧರಿಸಿ ಅಳೆದ ಅಕ್ಷಾಂಶ) 67 ಡಿಗ್ರಿಯ ಬಳಿ ಇರುತ್ತದೆ. 9 ಮುಟ್ಟಿದರೆ 50ರ ಹತ್ತಿರಕ್ಕೆ ಹಿಗ್ಗುತ್ತದೆ. ಆ ಮೇ ತಿಂಗಳಲ್ಲಿ 9 ಮುಟ್ಟಿತ್ತು. ಹಾಸನ ಇರುವುದು 10 ಡಿಗ್ರಿಗಿಂತ ಕೆಳಗೆ.

"ಮುಳ್ಳಯ್ಯನಗಿರಿ ಬೇಡ, ಹಾಸನಕ್ಕೆ ಬಾ" ಅಂದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ದೊಡ್ಡ ಬಿಳಿ ಆಂಟೆನಾಗಳು ಮುಖ ಎತ್ತಿ ನಿಂತಿವೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಆ ಉಪಗ್ರಹಗಳನ್ನು ಹಾದುಹೋಗುವ ಕಾಂತರೇಖೆಯನ್ನು ಹಿಡಿದು ಉತ್ತರಕ್ಕೆ ಇಳಿದರೆ ಸಿಗುವುದು ಸೈಬೀರಿಯಾದ ಕಡಲತೀರ, ಅರೋರಾ ಕುಣಿಯುವ ಜಾಗ. ಅಲ್ಲಿ ಬೆಳಕಾಗಿ ಬೀಳುವ ಎಲೆಕ್ಟ್ರಾನ್‌ಗಳ ಒಡಹುಟ್ಟಿದವೇ ಮೇಲೆ ಉಪಗ್ರಹದ ಮೈಗೆ ಅಂಟಿಕೊಳ್ಳುತ್ತವೆ. ಹೊದಿಕೆಯ ಮೇಲೆ ಕೆಲವೊಮ್ಮೆ ಸಾವಿರಾರು ವೋಲ್ಟ್ ಕೂಡಿ ಕಿಡಿ ಹಾರುತ್ತದೆ, ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಯಾರೂ ಕೊಡದ ಆಜ್ಞೆ ಸಿಕ್ಕಂತಾಗುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಇದರ ಕಾಟ ಜಾಸ್ತಿ. ಊರೆಲ್ಲ ಮಲಗಿರುವ ಆ ಹೊತ್ತಲ್ಲಿ ರಾತ್ರಿ ಪಾಳಿಯವರು ಪರದೆ ನೋಡುತ್ತಾ ಎದ್ದಿರುತ್ತಾರೆ.